ಬೆಲ್ಲಿಯ ಡೇ ಕೇರ್ ಮತ್ತು ನಮ್ಮತ್ತೆಯ ಹಾಲಿನ ಕ್ಯಾನು

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಆಡಿಯೊ ಬಂದು ಬಿತ್ತು. ಬರೀ 42 ಸೆಕೆಂಡಿನದ್ದು. ಮಾತಿಲ್ಲ, ಬೈಗುಳವಿಲ್ಲ. ಮುಚ್ಚಿದ ಬಾಗಿಲ ಹಿಂದೆ ನಾಯಿಯೊಂದು ಊಳಿಡುವ ಸದ್ದು ಮಾತ್ರ. ಅದರ ಕೆಳಗೆ ಮೂರನೇ ಮಹಡಿಯವರ ಒಂದು ಸಾಲು: ‘ಬೆಳಗ್ಗೆ ಒಂಬತ್ತೂವರೆಯಿಂದ ಹೀಗೇ ಇದೆ. ಮಗುವಿಗೆ ಜ್ವರ. ದಯವಿಟ್ಟು ಏನಾದರೂ ಮಾಡಿ.’

ನಾನು ಆಫೀಸಿನ ಮೀಟಿಂಗಿನಲ್ಲಿ ಕೂತು ಇಯರ್‌ಫೋನಿನಲ್ಲಿ ಅದನ್ನು ಕೇಳಿಸಿಕೊಂಡೆ. ಅದು ನಮ್ಮ ಬೆಲ್ಲಿ.

ಬೆಲ್ಲಿ ಬೀದಿಯಿಂದ ಬಂದವಳು. 2021ರ ಮಳೆಗಾಲದಲ್ಲಿ, ಲಾಕ್‌ಡೌನ್ ಇನ್ನೂ ಪೂರ್ತಿ ಸಡಿಲಾಗಿರದ ಹೊತ್ತಿನಲ್ಲಿ, ಪಾರ್ಕಿಂಗ್ ಜಾಗದಲ್ಲಿ ಸಿಕ್ಕಿದ ಮರಿ. ಅಚ್ಚುಬೆಲ್ಲದ ಬಣ್ಣ, ಅದಕ್ಕೇ ಬೆಲ್ಲಿ. ಆಗ ನಾನೂ ನನ್ನ ಗಂಡನೂ ಮನೆಯಿಂದಲೇ ಕೆಲಸ ಮಾಡುತ್ತಿದ್ದೆವು. ಎರಡೂವರೆ ವರ್ಷ ಅವಳು ನನ್ನ ಕುರ್ಚಿಯ ಕೆಳಗೇ ಬೆಳೆದಳು. ಒಂದು ದಿನವೂ, ಅರ್ಧ ದಿನವೂ ಒಂಟಿಯಾಗಿರಲಿಲ್ಲ. 2024ರ ಜನವರಿಯಲ್ಲಿ ಇಬ್ಬರ ಆಫೀಸಿನಿಂದಲೂ ‘ವಾರಕ್ಕೆ ನಾಲ್ಕು ದಿನ ಬರಲೇಬೇಕು’ ಅಂತ ಮೇಲ್ ಬಂತು. ಸೋಮವಾರ ಬೆಳಗ್ಗೆ ಶೂ ಹಾಕ್ಕೊಂಡು, ಕೀ ತಗೊಂಡು ಹೊರಟುಬಿಟ್ಟೆವು. ಅವಳಿಗೆ ಯಾರು ಮೇಲ್ ಕಳಿಸಿದ್ದರು?

ಹಟ ಅಲ್ಲ, ದಿಗಿಲು

ಆ ವಾರವೇ ಹಾಲ್‌ನಲ್ಲಿ ಒಂದು ಕ್ಯಾಮೆರಾ ಇಟ್ಟೆವು. ನಾವು ಬಾಗಿಲು ಹಾಕಿದ ನಾಲ್ಕನೇ ನಿಮಿಷಕ್ಕೆ ಬೆಲ್ಲಿ ಏದುಸಿರು ಬಿಡಲು ಶುರು. ಹತ್ತನೇ ನಿಮಿಷಕ್ಕೆ ಬಾಗಿಲು ಪರಚುತ್ತಿದ್ದಳು. ನೆಲದ ಮೇಲೆ ಜೊಲ್ಲಿನ ಕೊಳ. ಬಟ್ಟಲಲ್ಲಿ ಅವಳಿಗಿಷ್ಟವಾದ ಕೋಳಿ ತುಂಡು ಹಾಗೇ ಇತ್ತು. ಸಂಜೆ ನಾವು ಬಂದ ಮೇಲೆ, ಬಾಗಿಲ ಚೌಕಟ್ಟಿನ ಮರದ ಚೂರುಗಳ ನಡುವೆ ನಿಂತು ಅದನ್ನು ಗಬಗಬ ತಿಂದಳು. ಉಗುರಲ್ಲಿ ರಕ್ತ ಇತ್ತು.

ನಾನು ಅಲ್ಲಿವರೆಗೆ ಅವಳಿಗೆ ಬೈಯ್ದಿದ್ದೆ. ‘ನಾವು ಬಿಟ್ಟು ಹೋದ ಸಿಟ್ಟಿಗೆ ಬೇಕಂತಲೇ ಮಾಡ್ತಾಳೆ’ ಅಂದುಕೊಂಡಿದ್ದೆ. ವಿಡಿಯೊ ನೋಡಿದ ಪಶುವೈದ್ಯರು ಮೊದಲು ಮೂತ್ರದ ಸೋಂಕು, ಹೊಟ್ಟೆಯ ತೊಂದರೆ, ನೋವು ಏನಾದರೂ ಇದೆಯಾ ಅಂತ ಪರೀಕ್ಷೆ ಮಾಡಿದರು. ಆಮೇಲೆ ಹೇಳಿದರು: ಇದು ಸೆಪರೇಷನ್ ಆಂಗ್ಸೈಟಿ, ಅಗಲಿಕೆಯ ದಿಗಿಲು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಮನುಷ್ಯ ಹೇಗೆ ಬಾಗಿಲು ಬಡಿಯುತ್ತಾನೋ ಹಾಗೆ. ಅವನಿಗೆ ಬೈದರೆ, ಹೊಡೆದರೆ ಲಿಫ್ಟಿನ ಭಯ ಹೋಗುತ್ತದೆಯೇ?

ಬೇಸರಕ್ಕೆ ಕಡಿಯುವ ನಾಯಿಗೂ ದಿಗಿಲಿಗೆ ಕಡಿಯುವ ನಾಯಿಗೂ ವ್ಯತ್ಯಾಸ ಇದೆ. ಬೇಸರದ ನಾಯಿ ಚಪ್ಪಲಿ, ದಿಂಬು, ಸಿಕ್ಕಿದ್ದೆಲ್ಲ ಕಡಿಯುತ್ತದೆ, ನಡುನಡುವೆ ನಿದ್ದೆಯನ್ನೂ ಮಾಡುತ್ತದೆ. ದಿಗಿಲಿನ ನಾಯಿ ಹೆಚ್ಚಾಗಿ ಬಾಗಿಲು, ಕಿಟಕಿಯ ಹತ್ತಿರವೇ ಇರುತ್ತದೆ. ನೀವು ಹೊರಟ ಮೊದಲ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ. ಉಚ್ಚೆ, ಕಕ್ಕ ತಡೆಯಲು ಕಲಿತ ನಾಯಿಯೂ ಹಾಲ್‌ನಲ್ಲಿ ಮಾಡಿಬಿಡುತ್ತದೆ. ಇನ್ನೂ ಒಂದು ಮಾತು: ಕೆಲವು ನಾಯಿಗಳಿಗೆ ಯಾರಾದರೊಬ್ಬರು ಜೊತೆಗಿದ್ದರೆ ಸಾಕು. ಕೆಲವಕ್ಕೆ ಇಂಥವರೇ ಬೇಕು. ಬೆಲ್ಲಿ ಎರಡರ ನಡುವಿನವಳು. ನಾನು ಹೋದರೆ ಕುಂಯ್‌ಗುಟ್ಟುತ್ತಾಳೆ, ಇಬ್ಬರೂ ಹೋದರೆ ಊಳಿಡುತ್ತಾಳೆ.

‘ಹಾಗಾದರೆ ಡೇ ಕೇರ್‌ಗೆ ಹಾಕಿಬಿಡಿ’ ಅಂದರು ಆಫೀಸಿನ ಗೆಳೆಯರು. ಹಾಕಿದೆವು. ಮನೆಗೆ ಹತ್ತಿರ, ಇನ್‌ಸ್ಟಾಗ್ರಾಮ್‌ನಲ್ಲಿ ಬಣ್ಣಬಣ್ಣದ ಫೋಟೊ. ಮೊದಲ ದಿನವೇ ಪೂರ್ತಿ ಒಂಬತ್ತು ಗಂಟೆ. ಒಂದು ಸಿಮೆಂಟಿನ ಹಾಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ನಾಯಿಗಳು, ನೋಡಿಕೊಳ್ಳುವ ಹುಡುಗರು ಇಬ್ಬರು. ಸಂಜೆ ಹೋದಾಗ ಬೆಲ್ಲಿ ಗೇಟಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ದಿನವಿಡೀ ಅಲ್ಲೇ ನಿಂತಿದ್ದಳಂತೆ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ರಾತ್ರಿ ಭೇದಿ. ನಾಲ್ಕನೇ ದಿನ ಕಾರಿಗೇ ಹತ್ತಲಿಲ್ಲ.

ಅಷ್ಟರಲ್ಲಿ ಅಸೋಸಿಯೇಷನ್ನಿನಿಂದ ಪತ್ರ ಬಂತು. ಒಂದು ತಿಂಗಳ ಗಡುವು. ನನ್ನ ಗಂಡನ ಊರು ಕೆ.ಆರ್. ಪೇಟೆ ತಾಲೂಕಿನ ಒಂದು ಹಳ್ಳಿ, ಕಿಕ್ಕೇರಿ ಕಡೆ. ಅಲ್ಲಿ ಅತ್ತೆ ಒಬ್ಬರೇ ಇದ್ದಾರೆ. ಒಂದು ರಾತ್ರಿ ಇವರು ಮೆಲ್ಲಗೆ ಅಂದರು: ‘ಅಮ್ಮನ ಹತ್ರ ಬಿಟ್ಟುಬಿಡೋಣ್ವಾ?’ ನಾನು ‘ಹೂಂ’ ಅನ್ನಲಿಲ್ಲ, ‘ಬೇಡ’ ಅಂತಲೂ ಅನ್ನಲಿಲ್ಲ. ಫೆಬ್ರುವರಿಯ ಒಂದು ಶನಿವಾರ ಬೆಳಗ್ಗೆ ಐದಕ್ಕೆ ಹೊರಟೆವು. ಡಿಕ್ಕಿಯಲ್ಲಿ ಬೆಲ್ಲಿಯ ಹಾಸಿಗೆ, ಬಟ್ಟಲು, ಲಸಿಕೆ ಕಾರ್ಡು, ಎಲ್ಲಾ ಇತ್ತು. ಒಂದು ದಿನದ ಟ್ರಿಪ್ಪಿಗೆ ಅಷ್ಟು ಸಾಮಾನು ಯಾರೂ ಒಯ್ಯುವುದಿಲ್ಲ.

ಮದ್ದೂರು ದಾಟುವಾಗ ನೆನಪಾದ ಕಾಳಿ

ಎಕ್ಸ್‌ಪ್ರೆಸ್‌ ವೇಯಲ್ಲಿ ಮದ್ದೂರು ಬರುವ ಹೊತ್ತಿಗೆ ಬೆಳಕಾಗಿತ್ತು. ಇದೇ ತಾಲೂಕಿನ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿತ್ತು, ಶಾಲೆಯಲ್ಲಿ ಓದಿದ ನೆನಪು ನಿಮಗೂ ಇರಬಹುದು. ಕ್ರಿ.ಶ. 949ರ ಸುಮಾರಿನದ್ದು. ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದ ಕಾಲ. ಆ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿ ದತ್ತಿ ಬಿಟ್ಟರು. ನಾಯಿ ಹಂದಿಯ ಮೇಲೆ ಎರಗುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾನು ಈ ಕಥೆ ಹೇಳಿದಾಗ ಇವರು ಏನೂ ಅನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಲಿ ಕಿಟಕಿಯಿಂದ ಮೂಗು ಹೊರಹಾಕಿ ಕೂತಿದ್ದಳು. ರಾಜನ ಹತ್ತಿರ ಕೇಳಿ ಪಡೆದವರ ಸೀಮೆಯಲ್ಲಿ ನಾವು ಬಿಟ್ಟು ಬರೋಕೆ ಹೊರಟಿದ್ದೆವು.

ಶ್ರೀರಂಗಪಟ್ಟಣ: ಒಬ್ಬರು ಒಳಗೆ, ಒಬ್ಬರು ಹೊರಗೆ

ನಾಯಿ ಜೊತೆಗಿದ್ದರೆ ಶ್ರೀರಂಗಪಟ್ಟಣ ಬೇರೆಯೇ ಊರು. ದೇವಸ್ಥಾನದೊಳಗೆ ಬಿಡುವುದಿಲ್ಲ, ದರಿಯಾ ದೌಲತ್‌ನ ತೋಟದೊಳಗೆ ಬಿಡುವುದಿಲ್ಲ. ರಂಗನತಿಟ್ಟಿನ ಕಡೆಗಂತೂ ಯೋಚಿಸಲೇಬಾರದು, ಅದು ಪಕ್ಷಿಗಳ ಮನೆ, ಅದರಲ್ಲೂ ಗೂಡು ಕಟ್ಟುವ ಕಾಲ. ಹಾಗಾಗಿ ನಾವು ಒಂದು ಒಪ್ಪಂದ ಮಾಡಿಕೊಂಡೆವು: ಒಬ್ಬರು ಒಳಗೆ, ಒಬ್ಬರು ಬೆಲ್ಲಿಯ ಜೊತೆ ಹೊರಗೆ.

ರಂಗನಾಥಸ್ವಾಮಿ ದೇವಸ್ಥಾನಕ್ಕೆ ಮೊದಲು ನಾನು ಹೋದೆ. ಹತ್ತು ಹೆಜ್ಜೆ ಇಟ್ಟಿದ್ದೇ ತಡ, ಹಿಂದೆ ಬೆಲ್ಲಿಯ ಕೂಗು. ತಿರುಗಿ ನೋಡಬೇಕು ಅನ್ನಿಸಿತು. ಆಗ ವೈದ್ಯರು ಹೇಳಿದ್ದು ನೆನಪಾಯಿತು. ದಿಗಿಲು ಬಿಡಿಸುವ ದಾರಿ ಒಂದೇ, ನಿಧಾನದ್ದು: ನಾಯಿಗೆ ಭಯವಾಗುವ ಮೊದಲೇ ವಾಪಸು ಬನ್ನಿ. ಐದು ಸೆಕೆಂಡು ತಡೆಯುತ್ತದಾ? ಐದೇ ಸೆಕೆಂಡಿಗೆ ಬನ್ನಿ. ಅದು ಮಾಮೂಲಾದ ಮೇಲೆ ಹತ್ತು. ಆಮೇಲೆ ಅರ್ಧ ನಿಮಿಷ. ಕೆಲವು ಸಲ ಸುಮ್ಮನೆ ಕೀ ಎತ್ತಿಕೊಂಡು ಸೋಫಾದ ಮೇಲೆ ಕೂತುಬಿಡಿ, ಕೀ ಸದ್ದು ಅಂದರೆ ಅಗಲಿಕೆ ಅನ್ನುವುದು ಮರೆಯಲಿ.

ನಾನು ದೇವಸ್ಥಾನದ ದಾರಿಯ ಮೂರನೇ ಹೂವಿನ ಅಂಗಡಿವರೆಗೆ ಹೋಗಿ, ಒಂದು ಮೊಳ ಸೇವಂತಿಗೆ ಕೊಂಡು ವಾಪಸು ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಹೂವಿನವಳು ‘ಏನಕ್ಕಾ, ದೇವರನ್ನ ನೋಡ್ತೀರೋ ಇಲ್ವೋ?’ ಅಂತ ನಕ್ಕಳು. ಆರನೇ ಸಲಕ್ಕೆ ಬೆಲ್ಲಿ ಕೂಗಲಿಲ್ಲ. ಆದರೆ ಮಹಾದ್ವಾರ ದಾಟುವಷ್ಟು ಹೊತ್ತು ಅವಳಿಗೆ ಆಗಲಿಲ್ಲ. ಶೇಷಶಾಯಿ ರಂಗನಾಥನ ದರ್ಶನ ಆ ದಿನ ಇವರಿಗೆ ಮಾತ್ರ ಆಯಿತು.

ದರಿಯಾ ದೌಲತ್‌ನ ಹೊರಗಿನ ಮರದ ನೆರಳಲ್ಲಿ ನಾನು ಕೂತೆ, ಇವರು ಒಳಗೆ ಹೋದರು. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಅರಮನೆ, ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ. ನಾನು ಹಿಂದೆ ನೋಡಿದ್ದೆ, ಬೇಸರವಾಗಲಿಲ್ಲ. ಇವರು ಹೋದದ್ದಕ್ಕೆ ಬೆಲ್ಲಿ ಒಂದೆರಡು ಸಲ ಕಿವಿ ಎತ್ತಿದಳು, ಆಮೇಲೆ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿದಳು.

ನಾಯಿಯ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗುವವರಿಗೆ ಒಳ್ಳೆಯ ಜಾಗ ಸಂಗಮ. ಗುಂಬಜ್ ದಾಟಿ ಮುಂದೆ, ಕಾವೇರಿಯ ಕವಲುಗಳು ಮತ್ತೆ ಕೂಡುವಲ್ಲಿ. ಬೆಳಗ್ಗೆ ಎಂಟರೊಳಗೆ ಹೋದರೆ ಜನ ಕಡಿಮೆ. ಅಲ್ಲಿ ಅಸ್ಥಿ ಬಿಡಲು, ಪೂಜೆ ಮಾಡಿಸಲು ಬರುವ ಕುಟುಂಬಗಳಿರುತ್ತವೆ, ಅವರಿಂದ ದೂರ ಇರಿ, ಹಗ್ಗ ಬಿಚ್ಚಬೇಡಿ, ಸೆಳವಿಗೆ ಇಳಿಸಬೇಡಿ. ಬೆಲ್ಲಿ ಮೊದಲ ಸಲ ನದಿ ನೋಡಿದ್ದು ಅಲ್ಲೇ. ಮುಂಗಾಲು ಇಟ್ಟು, ತೆಗೆದು, ಮತ್ತೆ ಇಟ್ಟಳು.

ಪಾಂಡವಪುರ: ಕೆರೆ, ಆಲೆಮನೆ, ತೋಳದ ಸೀಮೆ

ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಹೈದರ್, ಟಿಪ್ಪು ಸೇನೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ. ಕುಂತಿಯೂ ಪಾಂಡವರೂ ಇದ್ದರೆಂಬ ಕಥೆಯ ಕುಂತಿಬೆಟ್ಟ ಊರ ಪಕ್ಕದಲ್ಲೇ ಎದ್ದು ನಿಂತಿದೆ. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ, ನಾಯಿಯ ಪಾದ ಸುಡುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ಐದು ಸೆಕೆಂಡು ಬಂಡೆಗೆ ಒತ್ತಿ ನೋಡಿ, ನಿಮಗೆ ತಡೆಯದಿದ್ದರೆ ಅದಕ್ಕೂ ತಡೆಯುವುದಿಲ್ಲ. ನಾವು ಬೆಟ್ಟ ಬಿಟ್ಟು ತೊಣ್ಣೂರು ಕೆರೆಗೆ ಹೋದೆವು.

ತೊಣ್ಣೂರು ಕೆರೆಯ ನೀರು ತಿಳಿ. ಮೋತಿ ತಲಾಬ್ ಅಂತ ಇನ್ನೊಂದು ಹೆಸರು ಬಿದ್ದಿದ್ದೂ ಅದಕ್ಕೇ. ರಾಮಾನುಜಾಚಾರ್ಯರು ಈ ಕಡೆ ಬಂದು ನೆಲೆಸಿದ ಕಥೆ ಊರಿನವರ ಬಾಯಲ್ಲಿ ನಿನ್ನೆ ಮೊನ್ನೆಯದರ ಹಾಗೆ ಬರುತ್ತದೆ. ಏರಿಯ ಮೇಲೆ ಗಾಳಿಗೆ ಬೆಲ್ಲಿಯ ಕಿವಿ ಹಿಂದಕ್ಕೆ ಮಡಚಿಕೊಂಡಿತ್ತು. ನಾನು ಏರಿ ಮೇಲೆ ಮುಂದಕ್ಕೆ ನಡೆದು ಹೋಗುವುದು, ಬರುವುದು. ಒಂದು ಸಲ ಎರಡು ನಿಮಿಷ ಆಯಿತು. ಅವಳು ಇವರ ಪಕ್ಕ ಕೂತು, ನಾನು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಕೂಗಲಿಲ್ಲ.

ದಾರಿಯಲ್ಲೊಂದು ಆಲೆಮನೆ. ಕಬ್ಬಿನ ಸಿಪ್ಪೆಯ ಹೊಗೆ, ಕೊಪ್ಪರಿಗೆಯಲ್ಲಿ ಕುದಿಯುವ ಹಾಲು. ಇಂಥ ಕಡೆ ನಾಯಿಯನ್ನು ದೂರವೇ ಇಟ್ಟುಕೊಳ್ಳಬೇಕು. ಅಲ್ಲಿನ ಯಜಮಾನರು ಹೆಸರು ಕೇಳಿ, ‘ಬೆಲ್ಲ ಮಾಡೋರು ನಾವು, ಬೆಲ್ಲಿ ಸಾಕೋರು ನೀವು’ ಅಂದು ಒಂದು ಉಂಡೆ ಬಿಸಿ ಬೆಲ್ಲ ಕೈಗಿಟ್ಟರು. ಬೆಲ್ಲಿಯನ್ನು ಎಲ್ಲಿಗೆ ಕರಕೊಂಡು ಹೋಗ್ತಿದೀವಿ ಅಂತ ಅವರು ಕೇಳಲಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು.

ಮಧ್ಯಾಹ್ನ ಮೇಲುಕೋಟೆ. ಚೆಲುವನಾರಾಯಣನ ಊರು, ಪುತಿನ ಅವರ ಊರು, ಪುಳಿಯೋಗರೆಯ ಊರು. ನಾಯಿಯವರಿಗೆ ಇಲ್ಲೊಂದು ಎಚ್ಚರಿಕೆ: ಕೋತಿಗಳು. ಕಲ್ಯಾಣಿಯ ಹತ್ತಿರ ಬೆಲ್ಲಿಯನ್ನು ಇಳಿಸಿದ ಕೂಡಲೇ ನಾಲ್ಕು ಕೋತಿ ಹಲ್ಲು ಕಿರಿದವು, ಮತ್ತೆ ಕಾರಿಗೆ ಹತ್ತಿಸಿದೆವು. ಕಾರಲ್ಲೇ ಒಬ್ಬರಾದ ಮೇಲೆ ಒಬ್ಬರು ಪುಳಿಯೋಗರೆ ತಿಂದೆವು. ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡನ್ನು 1974ರಲ್ಲಿ ವನ್ಯಜೀವಿಧಾಮ ಮಾಡಿದ್ದು ಮುಖ್ಯವಾಗಿ ತೋಳಗಳಿಗಾಗಿ. ತೋಳ ಗುಂಪಿನಲ್ಲಿ ಬದುಕುವ ಪ್ರಾಣಿ. ನಾಯಿ ಅದೇ ಬಳ್ಳಿಯ ಕುಡಿ, ಸಾವಿರಾರು ವರ್ಷಗಳ ಹಿಂದೆ ನಮ್ಮ ಬೆಂಕಿಯ ಪಕ್ಕ ಬಂದು ಕೂತು, ನಮ್ಮನ್ನೇ ಗುಂಪು ಮಾಡಿಕೊಂಡಿತು. ಹತ್ತು ಗಂಟೆ ಬೀಗ ಹಾಕಿದ ಟೂ ಬಿಎಚ್‌ಕೆಯಲ್ಲಿ ಒಂಟಿಯಾಗಿರುವುದು ಅದಕ್ಕೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಕಲಿಸಬೇಕು. ನಾವು ಕಲಿಸಿರಲಿಲ್ಲ.

ಕೆ.ಆರ್. ಪೇಟೆ: ‘ನಾಯ್ಗೂ ಕಾನ್ವೆಂಟಾ?’

ಕೆ.ಆರ್. ಪೇಟೆ ಊರಿನ ಪಕ್ಕದಲ್ಲೇ ಹೊಸಹೊಳಲು. ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯ, 13ನೇ ಶತಮಾನದ್ದು. ಬೇಲೂರು ಹಳೇಬೀಡಿನ ಗದ್ದಲ ಇಲ್ಲಿಲ್ಲ. ಮೂರು ಗರ್ಭಗುಡಿ, ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಪಟ್ಟಿಕೆ. ಇಲ್ಲಿ ನಾನು ಒಳಗೆ ಹೋಗಿ ಆರು ನಿಮಿಷ ಇದ್ದೆ. ಹೊರಬಂದಾಗ ಬೆಲ್ಲಿ ಎದ್ದು ಬಾಲ ಆಡಿಸಿದಳು, ಅಷ್ಟೇ. ಬೆಳಗ್ಗೆ ಹೂವಿನ ಅಂಗಡಿವರೆಗೆ ತಡೆಯದಿದ್ದವಳು! ಜೊತೆಗೆ ಇವರಿದ್ದರು, ಬಯಲಿತ್ತು, ದಣಿವಿತ್ತು, ಅದೆಲ್ಲ ನಿಜ. ಆದರೂ ನನಗೆ ಏನೋ ಒಂದು ಗೊತ್ತಾಯಿತು, ಗೊತ್ತಾದ ಕೂಡಲೇ ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಸಂಜೆ ಹಳ್ಳಿ. ಅತ್ತೆ ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ಡೇ ಕೇರ್ ಕಥೆಯೆಲ್ಲ ಕೇಳಿ, ‘ಏನವ್ವ, ನಾಯ್ಗೂ ಕಾನ್ವೆಂಟಾ? ಅದ್ಕೂ ಪೀಜಾ?’ ಅಂತ ನಕ್ಕರು. ಆಮೇಲೆ, ‘ಇರ್ಲಿ ಬುಡು. ಆದ್ರೆ ಒಳೀಕೆ ಬರಂಗಿಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಕಾಯಿ ಬಿಡಿಸುತ್ತಲೇ, ತಲೆ ಎತ್ತದೆ ಅಂದರು: ‘ಮೂರೊರ್ಸದಿಂದ ನಾನೂ ಒಬ್ಳೇ ಇವ್ನಿ. ನಂಗ್ಯಾವ ಡೇ ಕೇರು?’

ತಮಾಷೆಗೇ ಅಂದಿದ್ದು. ಇವರು ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು. ಮಾವ ತೀರಿಕೊಂಡು ಮೂರು ವರ್ಷ ಆಗಿತ್ತು. ನಾವು ಊರಿಗೆ ಬರುತ್ತಿದ್ದದ್ದು ಯುಗಾದಿಗೆ, ಗೌರಿ ಹಬ್ಬಕ್ಕೆ.

ಆ ರಾತ್ರಿ ನಾವು ತೀರ್ಮಾನ ಬದಲಿಸಿದೆವು. ಬಿಟ್ಟುಬಿಡುವುದಿಲ್ಲ. ಹದಿನೈದು ದಿನ ಬಿಡುತ್ತೇವೆ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಸರಿಯಾದ ವ್ಯವಸ್ಥೆ ಮಾಡುತ್ತೇವೆ. ಬೆಲ್ಲಿಗೆ ರೇಬೀಸ್, ಪಾರ್ವೊ, ಡಿಸ್ಟೆಂಪರ್ ಲಸಿಕೆ ಆಗಿತ್ತು. ಹಳ್ಳಿಯಲ್ಲಿ ಉಣ್ಣೆ ಹತ್ತಿ ಜ್ವರ ಬರುತ್ತದೆಂದು ಅದಕ್ಕೂ ಔಷಧಿ ಹಾಕಿಸಿದ್ದೆವು. ಅತ್ತೆಗೆ ಒಂದೇ ನಿಯಮ ಹೇಳಿಕೊಟ್ಟೆವು: ‘ಹೋಗುವಾಗ ಮುದ್ದು ಮಾಡಬೇಡಿ, ಬಂದ ಮೇಲೂ ಗಲಾಟೆ ಮಾಡಬೇಡಿ. ಹೋಗೋದು ಬರೋದು ಮಾಮೂಲು ಅನ್ನಿಸಬೇಕು.’

ಮೊದಲ ಎರಡು ದಿನ ಬೆಲ್ಲಿ ಮುಟ್ಟಿದ್ದು ನೀರು ಮಾತ್ರ. ಗೇಟಿನ ಹತ್ತಿರವೇ ಇದ್ದಳಂತೆ. ಮೂರನೇ ದಿನದಿಂದ ಎದುರುಮನೆ ಹುಡುಗ ವಿಡಿಯೊ ಕಳಿಸತೊಡಗಿದ. ಅತ್ತೆಯ ದಿನಚರಿಯೇ ಅವಳಿಗೆ ಪಾಠವಾಗಿತ್ತು. ಹಿತ್ತಿಲಿಗೆ ಸೌದೆಗೆ ಹೋದರೆ ಒಂದು ನಿಮಿಷ. ಕೊಟ್ಟಿಗೆಗೆ ಹೋದರೆ ಐದು ನಿಮಿಷ. ಪಕ್ಕದ ಮನೆಗೆ ಕರಿಬೇವಿಗೆ ಹೋದರೆ ಹತ್ತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಡೈರಿಗೆ ಹಾಲು ಹಾಕಲು ಹೋದರೆ ಇಪ್ಪತ್ತು. ದಿನಕ್ಕೆ ಹದಿನೈದು ಸಲ ಹೋಗುವುದು, ಹದಿನೈದು ಸಲ ಬರುವುದು. ಮುದ್ದೂ ಇಲ್ಲ, ಗಲಾಟೆಯೂ ಇಲ್ಲ. ಅತ್ತೆ ಡೈರಿಗೆ ಹೋದಾಗಲೂ ಬೆಲ್ಲಿ ನಿಜವಾಗಿ ಒಂಟಿಯಾಗಿರಲಿಲ್ಲ. ಎದುರು ಜಗಲಿಯಲ್ಲಿ ಅಜ್ಜ ಬೀಡಿ ಸೇದುತ್ತಿರುತ್ತಿದ್ದ, ಬೀದಿಯಲ್ಲಿ ಎಮ್ಮೆ ಹೋಗುತ್ತಿತ್ತು, ಮಕ್ಕಳು ಹೆಸರು ಹಿಡಿದು ಕೂಗುತ್ತಿದ್ದವು.

ಅಂದರೆ ಆ ಬೀದಿಯೇ ಡೇ ಕೇರ್ ಆಗಿತ್ತು. ಬೆಲ್ಲಿಗೆ ತಡೆಯುವುದಕ್ಕಿಂತ ಹೆಚ್ಚು ಹೊತ್ತಿನ ಒಂಟಿತನ ಅಲ್ಲಿ ಅವಳಿಗೆ ಬರಲೇ ಇಲ್ಲ. ಅದರ ನೆರಳಲ್ಲಿ, ಅವಳಿಗೆ ಗೊತ್ತಾಗದ ಹಾಗೆ, ‘ಹೋದವರು ಬರುತ್ತಾರೆ’ ಅನ್ನುವ ಪಾಠ ನಡೆಯುತ್ತಿತ್ತು. ಹನ್ನೊಂದನೇ ದಿನದ ವಿಡಿಯೊದಲ್ಲಿ ಅತ್ತೆ ಕ್ಯಾನು ಹಿಡಿದು ಹೊರಟಾಗ ಬೆಲ್ಲಿ ಒಂದು ಕಣ್ಣು ಬಿಟ್ಟು ನೋಡಿ, ಮತ್ತೆ ಮುಚ್ಚಿಕೊಂಡಳು. ಅವಳು ಮಲಗಿದ್ದು ಜಗಲಿಯಲ್ಲಲ್ಲ. ನಡುಮನೆಯಲ್ಲಿ.

ನಾಗಮಂಗಲದ ದಾರಿ

ಹದಿನಾರನೇ ದಿನ ಭಾನುವಾರ ಹೋದೆವು. ಬೆಲ್ಲಿ ಓಡಿ ಬಂದು ಮೈಮೇಲೆ ಹಾರಿದ್ದನ್ನು ನಾನು ಬರೆಯುವುದಿಲ್ಲ, ನಾಯಿ ಸಾಕಿದವರಿಗೆ ಗೊತ್ತು. ಊಟ ಆಯಿತು. ಹೊರಡುವ ಹೊತ್ತಿಗೆ ಅತ್ತೆ ಕ್ಯಾನು ತೊಳೆದು ಹಿಡಿದುಕೊಂಡರು. ಇನ್ನೂ ನಾಲ್ಕೂವರೆ, ಡೈರಿ ತೆಗೆಯುವ ಹೊತ್ತಲ್ಲ. ‘ಈಗ್ಲೇ ಯಾಕಮ್ಮ?’ ಅಂದರು ಇವರು. ಅತ್ತೆ ಬೆಲ್ಲಿಯ ಕಡೆ ನೋಡಲಿಲ್ಲ. ‘ನೀವೇ ಅಲ್ವಾ ಯೇಳಿದ್ದು, ಹೋಗೊತ್ನಲ್ಲಿ ಮುದ್ದು ಮಾಡ್ಬಾರ್ದು ಅಂತ’ ಅಂದು ಬೀದಿಗಿಳಿದು ನಡೆದುಬಿಟ್ಟರು. ತಿರುವಿನಲ್ಲೂ ತಿರುಗಲಿಲ್ಲ. ಬೆಲ್ಲಿ ಮಾತ್ರ ಬಾಗಿಲಲ್ಲಿ ನಿಂತು ಆರಾಮಾಗಿ ನೋಡುತ್ತಿದ್ದಳು. ಇಪ್ಪತ್ತು ನಿಮಿಷಕ್ಕೆ ಬರುತ್ತಾರೆ ಅಂತ ಅವಳಿಗೆ ಗೊತ್ತಿತ್ತು.

ವಾಪಸು ನಾಗಮಂಗಲದ ಮೇಲೆ ಬಂದೆವು. ನಾಗಮಂಗಲ ಕಂಚು, ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಊರು. ಸೌಮ್ಯಕೇಶವ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ, ಈ ಸಲ ನಾವು ಹೊಸದೊಂದು ಪರೀಕ್ಷೆ ಮಾಡಿದೆವು. ಕಿಟಕಿ ಇಳಿಸಿ, ನೆರಳಲ್ಲಿ, ಬೆಲ್ಲಿಯನ್ನು ಕಾರಲ್ಲಿ ಬಿಟ್ಟು ಇಬ್ಬರೂ ಕಾರಿನ ಹಿಂದೆ ಹೋಗಿ ನಿಂತೆವು. ಒಂದು ನಿಮಿಷ. ಸದ್ದಿಲ್ಲ. ಮುಚ್ಚಿದ ಕಾರಿನಲ್ಲಿ, ಬಿಸಿಲಲ್ಲಿ ಇದನ್ನು ಐದು ನಿಮಿಷವೂ ಮಾಡಬೇಡಿ, ಕಾರು ಒಲೆಯಾಗುತ್ತದೆ, ನಾಯಿ ಸಾಯುತ್ತದೆ. ನಾವು ಕೈಗೆಟುಕುವಷ್ಟು ಹತ್ತಿರವೇ ಇದ್ದೆವು.

ಆಮೇಲೆ ಆದಿಚುಂಚನಗಿರಿ. ನಾಗಮಂಗಲ ತಾಲೂಕಿನ ಈ ಬೆಟ್ಟದ ದೇವರು ಕಾಲಭೈರವೇಶ್ವರ, ಅವನ ವಾಹನ ನಾಯಿ. ನನಗೆ ಇಲ್ಲಿ ಇಷ್ಟವಾದದ್ದು ಇದು: ಊರಿಗೆಲ್ಲ ಬಾಗಿಲಾಚೆ ನಿಲ್ಲುವ ಪ್ರಾಣಿ ಭೈರವನ ಪಕ್ಕದಲ್ಲಿ ನಿಂತಿದೆ. ನವಿಲುಗಳು ಕೂಗುತ್ತಿದ್ದವು. ಬೆಟ್ಟದ ಬುಡದಲ್ಲೇ ಬೆಲ್ಲಿಯ ಜೊತೆ ನಾನು ಕೂತೆ, ಇವರು ಹೋಗಿ ಬಂದು ಅವಳ ಹಣೆಗೂ ಚಿಟಿಕೆ ಭಸ್ಮ ಹಚ್ಚಿದರು. ಅವಳು ಸೀನಿದಳು.

ಈಗ ಹೇಗಿದ್ದಾಳೆ?

ಬೆಂಗಳೂರಿಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅಂದರೆ ಸುಳ್ಳು. ಜಾಗ ಬದಲಾದರೆ ಪಾಠ ಮತ್ತೆ ಮೊದಲಿನಿಂದ. ಮತ್ತೆ ಒಂದು ನಿಮಿಷ, ಮತ್ತೆ ಎರಡು. ಆದರೆ ಈ ಸಲ ಡೇ ಕೇರ್ ಅನ್ನು ಬೇರೆ ಥರ ಬಳಸಿದೆವು. ರೋಗ ವಾಸಿ ಮಾಡಲಿ ಅಂತ ಅಲ್ಲ. ಮನೆಯಲ್ಲಿ ಸಣ್ಣಸಣ್ಣ ಅಭ್ಯಾಸ ನಡೆಯುವ ತಿಂಗಳುಗಳಲ್ಲಿ, ಅವಳು ದೊಡ್ಡ ದಿಗಿಲಿಗೆ ಬೀಳದಿರಲಿ ಅಂತ. ಒಂದು ದಿನ ಹತ್ತು ಗಂಟೆ ಒಂಟಿ ಬಿಟ್ಟರೆ ಹತ್ತು ದಿನದ ಅಭ್ಯಾಸ ನೀರಲ್ಲಿ ಹೋಮ. ಹಾಗಾಗಿ ಆಫೀಸಿನ ನಾಲ್ಕು ದಿನದಲ್ಲಿ ಮೂರು ದಿನ ಡೇ ಕೇರ್, ಒಂದು ದಿನ ನಾವಿಬ್ಬರೂ ಸರದಿ ಬದಲಿಸಿಕೊಳ್ಳುತ್ತೇವೆ.

ನೀವೂ ಹುಡುಕುತ್ತಿದ್ದರೆ, ಎರಡನೇ ಸಲ ನಾವು ನೋಡಿಕೊಂಡದ್ದು ಇಷ್ಟು:

• ಲಸಿಕೆ ಕಾರ್ಡು ಕೇಳದ ಕಡೆ ಬಿಡಬೇಡಿ. ಎಲ್ಲ ನಾಯಿಗಳದ್ದೂ ಕೇಳುತ್ತಾರಾ ಅಂತ ವಿಚಾರಿಸಿ. ರೇಬೀಸ್ ಜೊತೆಗೆ ಕೆನೆಲ್ ಕೆಮ್ಮಿನ ಲಸಿಕೆಯ ಬಗ್ಗೆಯೂ ನಿಮ್ಮ ವೈದ್ಯರನ್ನು ಕೇಳಿ.

• ಮೊದಲ ದಿನವೇ ಪೂರ್ತಿ ದಿನ ಬೇಡ. ನೀವು ಜೊತೆಗಿದ್ದು ಅರ್ಧ ಗಂಟೆ, ಆಮೇಲೆ ನೀವಿಲ್ಲದೆ ಒಂದು ಗಂಟೆ, ಆಮೇಲೆ ಅರ್ಧ ದಿನ. ‘ಅಳ್ತಾನೆ, ಆಮೇಲೆ ಸರಿಹೋಗ್ತಾನೆ’ ಅನ್ನುವವರಿಂದ ದೂರ ಇರಿ.

• ನಾಯಿ ಎಷ್ಟು, ಜನ ಎಷ್ಟು ಎಣಿಸಿ. ದೊಡ್ಡ ನಾಯಿ, ಸಣ್ಣ ನಾಯಿ ಬೇರೆ ಬೇರೆ ಇವೆಯಾ? ಮಲಗಲು ಶಾಂತವಾದ ಮೂಲೆ ಇದೆಯಾ? ದಿನವಿಡೀ ಆಟ ಅಂದರೆ ದಿನವಿಡೀ ಉದ್ವೇಗ.

• ಆಡುವ ವಿಡಿಯೊ ಎಲ್ಲರೂ ಕಳಿಸುತ್ತಾರೆ. ನಿಮ್ಮ ನಾಯಿ ಮಲಗಿರುವ ವಿಡಿಯೊ ಕೇಳಿ. ನಿದ್ದೆ ಬಂದಿದ್ದರೆ ಅಲ್ಲಿ ಅದಕ್ಕೆ ಭರವಸೆ ಬಂದಿದೆ.

• ಬೇರೆ ನಾಯಿಗಳೆಂದರೆ ಹೆದರುವ ನಾಯಿಗೆ ಡೇ ಕೇರ್ ಇನ್ನೊಂದು ಶಿಕ್ಷೆ. ಅದಕ್ಕೆ ಮನೆಗೆ ಬಂದು ಕೂರುವ ಒಬ್ಬ ಮನುಷ್ಯ, ನೆಂಟರು, ನಿವೃತ್ತರಾದ ಪಕ್ಕದ ಮನೆಯವರು ವಾಸಿ. ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆ ಅನ್ನುವುದೂ ಖಾತ್ರಿಯಿಲ್ಲ.

• ತನಗೇ ಗಾಯ ಮಾಡಿಕೊಳ್ಳುವಷ್ಟು ದಿಗಿಲಿದ್ದರೆ ವೈದ್ಯರನ್ನು ಕಾಣಿ. ಫ್ಲುವಾಕ್ಸೆಟಿನ್, ಕ್ಲೊಮಿಪ್ರಮಿನ್‌ನಂಥ ಔಷಧಿಗಳು ಅಭ್ಯಾಸದ ಜೊತೆಗೆ ನೆರವಾಗುತ್ತವೆ. ಮನುಷ್ಯರ ಮಾತ್ರೆಯನ್ನು ನೀವೇ ಅಂದಾಜಿಗೆ ಕೊಡಬೇಡಿ. ಬೋನಿನಲ್ಲಿ ಕೂಡಿಹಾಕಿದರೆ ದಿಗಿಲು ಹೆಚ್ಚಬಹುದು.

ಮೂರನೇ ಮಹಡಿಯವರ ಮನೆಗೆ ನಾನೇ ಹೋಗಿ, ಏನು ನಡೀತಿದೆ, ಎಷ್ಟು ದಿನ ಬೇಕಾಗಬಹುದು ಅಂತ ಹೇಳಿಬಂದೆ. ಮೊದಲೇ ಹೋಗಬೇಕಿತ್ತು. ಈಗ ಅವರೇ ಕೆಲವು ಸಲ ಮೆಸೇಜ್ ಮಾಡುತ್ತಾರೆ: ‘ಇವತ್ತು ಸದ್ದಿಲ್ಲ.’ ಅಸೋಸಿಯೇಷನ್ ಗಡುವನ್ನು ಇನ್ನೆರಡು ತಿಂಗಳು ಮುಂದಕ್ಕೆ ಹಾಕಿತು, ಆಮೇಲೆ ಆ ಮಾತು ಬರಲಿಲ್ಲ. ಇಷ್ಟೆಲ್ಲ ಆಗಿ ಬೆಲ್ಲಿ ಮನೆಯಲ್ಲಿ ಒಂಟಿಯಾಗಿ ಇರುವುದು 50 ನಿಮಿಷ. ಒಂದು ಸಿನಿಮಾ ನೋಡುವಷ್ಟಿಲ್ಲ, ತರಕಾರಿ ತಂದು ಒಂದು ಕಾಫಿ ಕುಡಿದು ಬರುವಷ್ಟಿದೆ. ನಮಗದು ದೊಡ್ಡದು.

ಮತ್ತೆ ಊರು? ಈಗ ತಿಂಗಳಿಗೆ ಎರಡು ಸಲ ಹೋಗುತ್ತೇವೆ. ಬೆಲ್ಲಿಗೆ ಅಭ್ಯಾಸ ತಪ್ಪಬಾರದು ಅಂತ ಹೇಳಿಕೊಂಡು ಹೋಗುತ್ತೇವೆ. ಹೊರಡುವಾಗ ಅತ್ತೆ ಈಗಲೂ ಕ್ಯಾನು ಎತ್ತಿಕೊಳ್ಳುತ್ತಾರೆ. ಆದರೆ ಕಳೆದ ಸಲ ತಿರುವಿನಲ್ಲಿ ಒಂದು ಗಳಿಗೆ ನಿಂತರು, ಕೈ ಎತ್ತಿದರು, ‘ಮುಂದಿನ್ ಶನಿವಾರಾನೋ, ಆಚೆ ಶನಿವಾರಾನೋ?’ ಅಂತ ಕೂಗಿ ಕೇಳಿದರು.

ಮುಂದಿನ ಶನಿವಾರವೇ ಅಂದೆವು.